ಬ್ರೇಕಿಗೆ ಸುತ್ತಿದ ನಳದ ಟೇಪು

ನಮ್ಮ ಬೈರಿದೇವರಕೊಪ್ಪದ ಓಣಿಗೆ ಎಂಟು ದಿನಕ್ಕೊಮ್ಮೆ ನೀರು ಬರುತ್ತದೆ. ಬಂದರೆ. ಆ ದಿನ ಓಣಿಯ ಅತಿ ದೊಡ್ಡ ಮನುಷ್ಯ ಯಾರೆಂದು ಕೇಳಿ, ಶಾಸಕರ ಹೆಸರನ್ನು ಯಾರೂ ಹೇಳುವುದಿಲ್ಲ. ಗುರುಸಿದ್ದಯ್ಯನವರ ಹೆಸರು ಹೇಳುತ್ತಾರೆ. ಹತ್ತಿ ಗೋದಾಮಿನಲ್ಲಿ ಮೂವತ್ತು ವರ್ಷ ಮೇಲ್ವಿಚಾರಣೆ ಮಾಡಿ ನಿವೃತ್ತರಾದ ಈ ಮಹಾನುಭಾವರು ನೀರಿನ ದಿನ ಬೆಳಿಗ್ಗೆ ಐದಕ್ಕೇ ಬನಿಯನ್, ಲುಂಗಿಯಲ್ಲಿ ಬೀದಿಗಿಳಿಯುತ್ತಾರೆ. ಬಲಗೈಯಲ್ಲಿ ನಟ್ಟು ಬಿಗಿಯುವ ದೊಡ್ಡ ಪಾನಾ, ಎಡ ಮಣಿಕಟ್ಟಿನಲ್ಲಿ ಬಳೆಯಂತೆ ನಳಕ್ಕೆ ಸುತ್ತುವ ಬಿಳಿ ಟೇಪಿನ ಸುರುಳಿ. ಯಾರ ಮನೆಯ ನಳ ಸೋರಿದರೂ ಅವರೇ ಬರಬೇಕು. ನೀರು ಅಷ್ಟು ಅಪರೂಪವಾದ ಊರಿನಲ್ಲಿ ಪ್ರತಿ ಗಂಡಸೂ ಅರ್ಧ ಪ್ಲಂಬರ್ ಆಗಿರುತ್ತಾನೆ. ಗುರುಸಿದ್ದಯ್ಯನವರು ಒಂದೂವರೆ.

ನಾನು ಅವರ ಪಕ್ಕದ ಮನೆಯವನು. ಸಾಲೆಯಲ್ಲಿ ಪೌರನೀತಿ ಕಲಿಸಿ ನಿವೃತ್ತನಾದವನು, ಎಲ್ಲರೂ ಮಾಸ್ತರ ಎನ್ನುತ್ತಾರೆ. ನನ್ನ ಮನೆಯ ಮೇಲಿನ ನೀರಿನ ಟಾಕಿಗೆ ಒಂದು ಜೋಡಣೆ ಇದೆ, ಅದು ಗುರುಸಿದ್ದಯ್ಯನವರ ಕೈಗೆ ಮಾತ್ರ ಹೆದರುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನು ಮುಂದೆ ಮಾಡಿದ ಘನಕಾರ್ಯಕ್ಕೆಲ್ಲ ಅದೊಂದೇ ಕಾರಣ.

ಅವರ ಸಿದ್ಧಾಂತ ಸರಳವಾದದ್ದು. "ಎಲ್ಲಿ ಸೋರತೈತಿ, ಅಲ್ಲಿ ಥ್ರೆಡ್ ಸಡಿಲ ಇರತೈತಿ. ಎಲ್ಲಿ ಥ್ರೆಡ್ ಸಡಿಲೈತಿ, ಅಲ್ಲಿ ಟೇಪ್ ಸುತ್ತಬೇಕು. ಜಗತ್ತಿನಾಗ ಮೂರನೇ ಮಾತಿಲ್ಲ ನೋಡ್ರಿ ಮಾಸ್ತರ."

ಇಷ್ಟಕ್ಕೇ ಅವರು ನಿಂತಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೆ ಅವರ ಬಳಿ ಒಂದು ಜೀಪೂ ಇತ್ತು.

ಅದು ಅವರ ಮಾವನದು. ಉಪ್ಪಿನಬೆಟಗೇರಿಯ ಮಾವ ತೀರಿಕೊಂಡ ಮೇಲೆ ಹೆಂಡತಿ ಚನ್ನಬಸವ್ವನವರ ಪಾಲಿಗೆ ಬಂದದ್ದು. ಮಗಳು ಆರತಿಗಿಂತ ಹನ್ನೆರಡು ವರ್ಷ ಹಿರಿಯದು, ಹ್ಯಾಂಡ್‌ಬ್ರೇಕು ಮಾವನಿಗಿಂತ ಮೊದಲೇ ತೀರಿಕೊಂಡಿತ್ತು. ಒಂದು ದಿನ ಅದರ ಹಿಂದಿನ ಎಡಗಾಲಿಯ ಕೆಳಗೆ ಎಣ್ಣೆಯ ಒಂದು ಹನಿ ಕಂಡಿತು. ಮರುದಿನ ಎರಡು. ಬ್ರೇಕಿನ ಎಣ್ಣೆ. ಆರತಿಯ ಲಗ್ನ ಧಾರವಾಡದ ಬಸವಪ್ರಭು ಅವರ ಮಗನ ಜೊತೆ ಗೊತ್ತಾಗಿತ್ತು. ಬರುವ ರವಿವಾರ ಬೀಗರನ್ನು ಇದೇ ಜೀಪಿನಲ್ಲಿ ಉಪ್ಪಿನಬೆಟಗೇರಿಗೆ ಕರೆದೊಯ್ದು, ಚನ್ನಬಸವ್ವನವರ ತಾಯಿಯ ಕೈಯ ಹೋಳಿಗೆ ಉಣ್ಣಿಸಬೇಕಿತ್ತು. ಹಾಗಾಗಿ ಗುರುಸಿದ್ದಯ್ಯನವರು ನನ್ನನ್ನೂ ಕೂಡಿಸಿಕೊಂಡು ಜೀಪನ್ನು ಅಮರಗೋಳದ ಕಮರುದ್ದೀನನ ಗ್ಯಾರೇಜಿಗೆ ಒಯ್ದರು.

ಕಮರುದ್ದೀನ ಮೂವತ್ತೆಂಟು ವರ್ಷದಿಂದ ಹಳೆಯ ಗಾಡಿಗಳ ಬ್ರೇಕು ನೋಡುವವನು. ಕೃಷಿ ಮಾರುಕಟ್ಟೆಯ ಹಿಂದೆ ತಗಡಿನ ಗ್ಯಾರೇಜು, ಅದಕ್ಕೆ ಅಂಟಿಕೊಂಡೇ ಮನೆ. ನಾವು ಹೋದಾಗ ಒಂದು ಸಾಲೆಯ ಹಳೆಯ ವ್ಯಾನು ಇಟ್ಟಂಗಿಯ ಮೇಲೆ ಕೂತಿತ್ತು. ಅಂಥವು ಒಟ್ಟು ಆರು, ಎಲ್ಲವೂ ಅವನ ಕೈಯಲ್ಲಿ. ಸಾಲೆಯ ಕಮಿಟಿಗೆ ಅಧ್ಯಕ್ಷರು ಬೇರೆ ಯಾರೂ ಅಲ್ಲ, ನಮ್ಮ ಬೀಗರು ಬಸವಪ್ರಭು.

"ಹೊಸಾ ಗಾಡಿಯವ್ರು ಕಂಪನಿ ಸರ್ವೀಸಿಗೆ ಹೊಕ್ಕಾರ್ರಿ," ಎಂದ ಕಮರುದ್ದೀನ ಜೀಪಿನ ಕೆಳಗೆ ತೂರುತ್ತ. "ಈ ಆರು ವ್ಯಾನ್ ಅದಾವಂತ ನಾ ಮುಂಜಾನೆ ಬಾಗಲಾ ತಗೀತೇನಿ. ಅವು ಹೋದ್ರ ಮುಗೀತು ನಂದು."

ಐದು ನಿಮಿಷ ಬಿಟ್ಟು ಒಂದು ಸಣ್ಣ ನಟ್ಟನ್ನು ಅಂಗೈಯಲ್ಲಿ ಹಿಡಿದು ಹೊರಬಂದ. ಅಲ್ಲಿ ಇನ್ನೂ ಮೂರು ಜನ ಗಿರಾಕಿಗಳು ನಿಂತಿದ್ದರು. ಎಲ್ಲರಿಗೂ ಕೇಳುವಂತೆ, ಅವನ ಸ್ವಭಾವವೇ ಹಾಗೆ, ಪಾಠ ಶುರು ಮಾಡಿದ.

"ನೋಡ್ರಿ ಯಜಮಾನ್ರ. ನಿಮ್ಮ ಜೀಪು ಹಳೇದು, ಇದರ ತೂತು ಇಂಚಿನ ಅಳತಿದು. ಯಾರೋ ಪುಣ್ಯಾತ್ಮ ಮಿಲಿಮೀಟರಿನ ನಟ್ ಕುಂಡ್ರಿಸ್ಯಾನ. ಬರೋಬ್ಬರಿ ನಟ್ ಇದ್ರ ಬರೇ ಬೆರಳಿಲೆ ತಿರುವಿದ್ರ ಪೂರಾ ಒಳಗ ಹೋಗತೈತಿ. ಇದು ಎರಡು ಸುತ್ತಿನಾಗ ನಿಂತೈತಿ, ಅಂದ್ರ ಇದು ಬ್ಯಾರೆ ಮನೀದು. ಮತ್ತ ಪೈಪಿನ ಬಾಯಿ ನೋಡ್ರಿ, ಅಂಚಿಗೆ ಒಂದ ಮಡಿಕಿ ಮಾಡ್ಯಾರ, ಸೀಳೇತಿ. ಎರಡು ಮಡಿಕಿ ಮಾಡಬೇಕು. ಹೊಸಾ ಪೈಪ್ ಕತ್ತರಿಸಿ, ಬಾಯಿ ಮಾಡಿ, ನಟ್ ಹುಡುಕಿ ಹಾಕತೇನಿ. ಗಾಡಿ ಇಲ್ಲೇ ಇರ್ಲಿ, ಸೋಮವಾರ ಬರ್ರಿ."

"ಸೋಮವಾರ ಆಗೂದಿಲ್ಲ, ರವಿವಾರ ಬೀಗರು ಬರ್ತಾರ," ಎಂದರು ಗುರುಸಿದ್ದಯ್ಯನವರು. "ಅಷ್ಟ್ಯಾಕ, ಆ ಥ್ರೆಡ್ಡಿಗೆ ನಾಕ ಸುತ್ತು ಟೇಪ್ ಹಾಕಿ ಬಿಗದ್ರ ಆತಲಾ."

ಕಮರುದ್ದೀನ ನಕ್ಕ. ನಗಬಾರದಿತ್ತು. "ಇದು ನೀರಿನ ನಳ ಅಲ್ರಿ ಯಜಮಾನ್ರ. ನಳಾ ಥ್ರೆಡ್ಡಿನ್ಯಾಗ ತಡೀತೈತಿ. ಬ್ರೇಕು ಪೈಪಿನ ಬಾಯಾಗ ತಡೀತೈತಿ. ಟೇಪ್ ಹಾಕಿದ್ರ ಜೀವಾ ಹೊಕ್ಕಾವ."

ಮೂವರು ಗಿರಾಕಿಗಳೂ ನಕ್ಕರು. ಎಂಟು ದಿನಕ್ಕೊಮ್ಮೆ ಇಡೀ ಓಣಿ ಯಾರ ಮುಖ ನೋಡಿ ಬದುಕುತ್ತದೋ ಆ ಮನುಷ್ಯನ ಮುಖ ನೋಡಿ ನಕ್ಕರು. ಗುರುಸಿದ್ದಯ್ಯನವರು ನಟ್ಟನ್ನು ಕಸಿದುಕೊಂಡು, "ಹಾಕಿಕೊಡು, ಹಂಗ ಒಯ್ತೇನಿ," ಎಂದರು. ಕಮರುದ್ದೀನ ಬೇಡ ಎಂದ, ಮತ್ತೆ ಬೇಡ ಎಂದ, ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಜೋಡಿಸಿ ಕೊಟ್ಟ. ಬೈರಿದೇವರಕೊಪ್ಪದವರೆಗೆ ನಾವು ನಡೆಯುವವರಿಗಿಂತ ನಿಧಾನವಾಗಿ ಬಂದೆವು. ಒಬ್ಬ ಅಜ್ಜ ನಮ್ಮನ್ನು ದಾಟಿ ಹೋದ.

ಶನಿವಾರ ಮಧ್ಯಾಹ್ನ ಅಂಗಳದಲ್ಲಿ ಶಸ್ತ್ರಕ್ರಿಯೆ ನಡೆಯಿತು. ಗುರುಸಿದ್ದಯ್ಯನವರು ಚಾಪೆ ಹಾಸಿಕೊಂಡು ಜೀಪಿನ ಕೆಳಗೆ, ನಾನು ಮೇಲೆ, ಬ್ರೇಕು ತುಳಿಯುವ ಹುದ್ದೆಯಲ್ಲಿ.

"ತುಳೀರಿ ಮಾಸ್ತರ. ಬಿಡ್ರಿ. ತುಳೀರಿ. ಯಾರ ಮ್ಯಾಲಿನ ಸಿಟ್ಟರ ನೆನಸಿಕೊಂಡು ತುಳೀರಿ."

ಮೊದಲು ಸೆಣಬಿನ ನಾರು, ಅದರ ಮೇಲೆ ನಳದ ಜೋಡಣೆಗೆ ಬಳಿಯುವ ಬಿಳಿ ಸಫೇದಾ, ಅದರ ಮೇಲೆ ಹನ್ನೊಂದು ಸುತ್ತು ಟೇಪು. ನಾಲ್ಕು ಸಾಕಿತ್ತು, ಕಮರುದ್ದೀನನ ಮೇಲಿನ ಸಿಟ್ಟಿಗೆ ಏಳು. ಕೊನೆಗೆ ದೊಡ್ಡ ಪಾನಾ ಹಾಕಿ, ಹಲ್ಲು ಕಚ್ಚಿ ಬಿಗಿದರು. ಚನ್ನಬಸವ್ವನವರು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದರು.

"ಅವಾ ಬ್ಯಾಡ ಅಂದಾನಂತ, ಮತ್ತ್ಯಾಕ ಕೈ ಹಾಕ್ತೀರಿ," ಎಂದರು.

"ನಿನಗ ನಳಾ ಗೊತ್ತೇನು, ಬ್ರೇಕ್ ಗೊತ್ತೇನು?"

"ನಿಮಗ ನಳಾ ಗೊತ್ತೈತಿ," ಎಂದು ಒಳಗೆ ಹೋದರು.

ಒಂದು ತಾಸಾಯಿತು, ಹನಿ ಬೀಳಲಿಲ್ಲ. ಸುದ್ದಿ ಹಬ್ಬಿ ಓಣಿಯ ಎಂಟು ಗಂಡಸರು ಬಂದು, ಗಾಲಿಯ ಸುತ್ತ ಕುಕ್ಕರಗಾಲಲ್ಲಿ ಕೂತು, ಬೀಳದಿದ್ದ ಹನಿಯನ್ನು ಅರ್ಧ ತಾಸು ನೋಡಿದರು. ಒಬ್ಬರು ಕೆಳಗೆ ವರ್ತಮಾನಪತ್ರ ಹಾಸಿದರು. ಅದು ಒಣಗಿಯೇ ಉಳಿಯಿತು. ಗುರುಸಿದ್ದಯ್ಯನವರು ಸಂಜೆಯವರೆಗೆ ಆ ಪತ್ರಿಕೆಯನ್ನು ಹೋದವರು ಬಂದವರಿಗೆಲ್ಲ ತೋರಿಸಿದರು. ಅದರಲ್ಲಿ ನೋಡಲು ಏನೂ ಇರಲಿಲ್ಲ, ಅದೇ ಅವರ ಹೆಮ್ಮೆ.

ರವಿವಾರ ಬಸವಪ್ರಭು ಮತ್ತು ಅವರ ಹೆಂಡತಿ ಬಂದರು. ಕೈಯಲ್ಲಿ ಎರಡು ಕಿಲೋ ಫೇಡೆ. ಬಸವಪ್ರಭು ಅವರಿಗೆ ಸಾಲೆಯ ವ್ಯಾನುಗಳ ಜವಾಬುದಾರಿ ಇದ್ದುದರಿಂದ ಯಾವ ಗಾಡಿ ಹತ್ತುವ ಮೊದಲೂ ಒಂದು ಪ್ರಶ್ನೆ ಕೇಳುವುದು ರೂಢಿ. ಹೆಂಡತಿ ಒಂದು ಕಾಲನ್ನು ಜೀಪಿನ ಮೆಟ್ಟಿಲ ಮೇಲಿಟ್ಟಾಗ ಕೇಳಿದರು.

"ಬ್ರೇಕ್ ಯಾರ ಕಡೆ ಮಾಡಿಸೀರಿ?"

ಗುರುಸಿದ್ದಯ್ಯನವರು ಎದೆ ಉಬ್ಬಿಸಿದರು. "ಮನ್ಯಾಗ..."

ಬೀಗಿತಿಯ ಕಾಲು ಮೆಟ್ಟಿಲಿನಿಂದ ಕೆಳಗಿಳಿಯಿತು.

"ಮನ್ಯಾಗ ಎಲ್ಲಿ ಆಗತೈತ್ರಿ. ಅಮರಗೋಳದಾಗ. ಕಮರುದ್ದೀನ ಮಾಡ್ಯಾನ," ಎಂದು ಗುರುಸಿದ್ದಯ್ಯನವರು ಮಾತು ತಿರುಗಿಸಿದರು.

ಕಾಲು ಮತ್ತೆ ಮೇಲೇರಿತು. "ಹಂಗಂದ್ರ ಚಿಂತಿಲ್ಲ," ಎಂದರು ಬಸವಪ್ರಭು. "ನಮ್ಮ ಆರೂ ವ್ಯಾನ್ ಅವನ ಕೈಯಾಗ ಅದಾವ. ಅವನ ಹೆಸರ ಕೇಳಿದ್ರ ಕಣ್ಣ ಮುಚ್ಚಿ ಕುಂಡರತೇನಿ." ಮುಂದೆ ಕೂತರು, ತೊಡೆಯ ಮೇಲೆ ಫೇಡೆಯ ಡಬ್ಬಿ. ಹಿಂದೆ ಇಬ್ಬರ ಹೆಂಡಂದಿರು ಮತ್ತು ನಾನು. ಚನ್ನಬಸವ್ವನವರು ನನ್ನ ಕಡೆ ಒಮ್ಮೆ ನೋಡಿದರು. ನಾನು ಹೊರಗೆ ನೋಡಿದೆ.

ಧಾರವಾಡ ದಾಟುವ ತನಕ ಎಲ್ಲವೂ ಸುಸೂತ್ರ. ಟೇಪು ತನ್ನ ಕೈಲಾದಷ್ಟು ಮಾಡಿತು, ಅದನ್ನು ದೂರಬಾರದು. ಉಪ್ಪಿನಬೆಟಗೇರಿಯ ಹತ್ತಿರ ಹೊಲದಿಂದ ಒಂದು ಟ್ರ್ಯಾಕ್ಟರು ರಸ್ತೆಗೆ ಬಂತು. ಗುರುಸಿದ್ದಯ್ಯನವರು ಅಂದಿನ ಮೊದಲ ಗಟ್ಟಿ ಬ್ರೇಕನ್ನು ತುಳಿದರು. ಕಾಲು ನೆಲದ ತನಕ ಹೋಯಿತು. ಮತ್ತೆ ತುಳಿದರು, ಮತ್ತೆ ಹೋಯಿತು.

"ಬ್ರೇಕ್ ಹಿಡೀವಲ್ತರೀ," ಎಂದರು, ಬೀಗರಿಗೆ ಊಟಕ್ಕೆ ಹೇಳುವಷ್ಟು ವಿನಯದಿಂದ.

ಪುಣ್ಯಕ್ಕೆ ಎಡಗಡೆ ಗೋವಿನಜೋಳದ ದಂಟಿನ ಬಣವಿ ಇತ್ತು. ಜೀಪು ಅದರೊಳಗೆ ಹೊಕ್ಕು ನಿಂತಿತು. ಎಲ್ಲರೂ ಬದುಕಿದೆವು. ಬಸವಪ್ರಭು ಅವರ ಬಲಗೈಯ ಮಣಿಕಟ್ಟು ಮುರಿಯಿತು, ಎರಡು ಕಿಲೋ ಫೇಡೆ ಒಂದೇ ರೊಟ್ಟಿಯಾಯಿತು. ದಂಟಿನೊಳಗಿಂದ ಹೊರಬಂದ ಬೀಗರು ಆಡಿದ ಮೊದಲ ಮಾತು, "ಆ ಕಮರುದ್ದೀನ ನಮ್ಮನ್ನ ಕೊಲ್ಲತಿದ್ದ."

ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ಗುರುಸಿದ್ದಯ್ಯನವರು ಬಾಯಿ ತೆರೆದರು. ಬೀಗಿತಿಯ ಮುಖ ನೋಡಿದರು, ಮಗಳ ಲಗ್ನ ನೆನಪಾಯಿತು, ಬಾಯಿ ಮುಚ್ಚಿದರು. ನಾನು ತಲೆಯ ಮೇಲಿನ ದಂಟು ಆರಿಸಿಕೊಳ್ಳುತ್ತಿದ್ದೆ.

ಎರಡು ದಿನದಲ್ಲಿ ಹುಬ್ಬಳ್ಳಿ ಧಾರವಾಡ ಎರಡಕ್ಕೂ ಸುದ್ದಿ ಮುಟ್ಟಿತು. ಓಣಿಯ ಕಟ್ಟೆಯ ಮೇಲೆ ಒಬ್ಬರು ಕಮರುದ್ದೀನನ ಕಣ್ಣು ಮಂದವಾಗಿವೆ ಎಂದರು. ಇನ್ನೊಬ್ಬರು ಕೈ ನಡುಗುತ್ತವೆ ಎಂದರು. ಬೀಳದ ಹನಿಯನ್ನು ಅರ್ಧ ತಾಸು ನೋಡಿ ಹೋಗಿದ್ದ ಎಂಟು ಜನರೂ ಅಲ್ಲಿದ್ದರು. ಅವರಿಗೂ ನೀರು ಬೇಕಲ್ಲ. ಕೊನೆಗೆ ಯಾರೋ, "ಅವರ ಮಂದೀನ ಹಂಗ," ಎಂದರು. ಯಾರೂ ಅಲ್ಲ ಎನ್ನಲಿಲ್ಲ. ಮೂವತ್ತೆಂಟು ವರ್ಷದ ಹೆಸರು ಕೆಡಲು ಒಂದು ಚಹಾ ಕುಡಿಯುವಷ್ಟು ಹೊತ್ತು ಹಿಡಿಯಿತು.

ಬುಧವಾರ ಬಸವಪ್ರಭು ಕೊರಳಿಗೆ ಕೈ ತೂಗಿಹಾಕಿಕೊಂಡು ಗುರುಸಿದ್ದಯ್ಯನವರ ಅಂಗಳಕ್ಕೆ ಬಂದರು. ಜೀಪನ್ನು ಎಳೆಸಿ ತಂದು ಅಲ್ಲೇ ನಿಲ್ಲಿಸಿದ್ದರು. ಕಮರುದ್ದೀನನನ್ನು ಕರೆಸಿದ್ದರು. ಅವನು ಹೆಂಡತಿ ಮಾಶಾಬಿಯನ್ನೂ ಕರೆದುಕೊಂಡು ಬಂದಿದ್ದ. ಓಣಿಯ ಅರ್ಧ ಜನ ಕಂಪೌಂಡಿನ ಮೇಲೆ ಕೂತಿದ್ದರು.

"ಗಾಡಿ ನಿನ್ನ ಕಡೆ ಬಂದಿತ್ತೋ ಇಲ್ಲೋ?" ಎಂದರು ಬಸವಪ್ರಭು.

"ಬಂದಿತ್ರಿ. ಬಿಚ್ಚಿ ನೋಡಿದೆ. ಮಾಡಿಲ್ರಿ, ಇವ್ರು ಹಂಗ ಒಯ್ದ್ರು."

"ಬಂದಿತ್ತು, ಬಿಚ್ಚಿದ್ದಿ. ಎರಡೂ ಒಪ್ಪಿಕೊಂಡಿ. ಇನ್ನೇನ ಉಳೀತು?"

ಕಮರುದ್ದೀನ ಅಂಗಿ ತೆಗೆದು ಮಾಶಾಬಿಯ ಕೈಗೆ ಕೊಟ್ಟು ಜೀಪಿನ ಕೆಳಗೆ ಹೋದ. ಹೊರಬಂದಾಗ ಅವನ ಅಂಗೈಯಲ್ಲಿ ಆ ನಟ್ಟು, ಸೆಣಬು, ಸಫೇದಾ, ಎಣ್ಣೆಯಲ್ಲಿ ನೆಂದ ಬಿಳಿ ಟೇಪು. ಅವನ ಮುಖದಲ್ಲಿ ಗೆಲುವಿತ್ತು, ಪಾಪ. ಪುರಾವೆ ಸಿಕ್ಕರೆ ಮುಗಿಯಿತು ಎಂದುಕೊಂಡಿದ್ದ. ನಾನೂ ಮೂವತ್ತು ವರ್ಷ ಸಾಲೆಯಲ್ಲಿ ಹಾಗೆಂದೇ ಕಲಿಸಿದ್ದೆ.

"ನೋಡ್ರಿ, ನಳದ ಟೇಪು. ಇದನ್ನ ಬ್ರೇಕಿಗೆ ಯಾರ ಸುತ್ತತಾರ್ರಿ?"

"ಅದನ್ನ ನಾ ಕೇಳಾಕತ್ತೇನಿ," ಎಂದರು ಬಸವಪ್ರಭು. "ಮೂವತ್ತೆಂಟು ವರ್ಷದ ಮಿಸ್ತ್ರಿ ಆಗಿ ನಳದ ಟೇಪ್ ಸುತ್ತೀಯಲ್ಲೋ. ಬೀಗರ, ನೀವು ತಿಳದವ್ರು, ನೀವ ಹೇಳ್ರಿ. ಇದು ನಳದ ಟೇಪ್ ಹೌದೋ ಅಲ್ಲೋ?"

ಗುರುಸಿದ್ದಯ್ಯನವರು ಮುಂದೆ ಬಂದರು. ಟೇಪನ್ನು ಎರಡು ಬೆರಳಲ್ಲಿ ಎತ್ತಿ, ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು. "ಹೌದ್ರಿ. ನಳದ್ದ." ಅಲ್ಲಿಗೆ ನಿಲ್ಲಿಸಬೇಕಿತ್ತು, ಆಗಲಿಲ್ಲ. "ಸುತ್ತಿದ್ದು ಮಾತ್ರ ಛಲೋ ಸುತ್ಯಾರ. ಎಲ್ಲೂ ಒಂದ ಗೆರಿ ಸೈತ ಬಿಟ್ಟಿಲ್ಲ."

ಆ ಹೊತ್ತಿನಲ್ಲಿ ಚನ್ನಬಸವ್ವನವರು ಕಿಟಕಿಯ ಮೇಲಿದ್ದ ಟೇಪಿನ ಸುರುಳಿಯನ್ನು ಸೆರಗಿನೊಳಗೆ ಹಾಕಿಕೊಂಡು ಒಳಗೆ ಹೋದರು. ಅದನ್ನು ಮಾಶಾಬಿ ನೋಡಿದಳು, ನಾನು ನೋಡಿದೆ.

"ನಮ್ಮ ಮನಿಗೆ ನಳಾನ ಇಲ್ರಿ," ಎಂದಳು ಮಾಶಾಬಿ. "ಟ್ಯಾಂಕರಿನ ನೀರು ಹೊತಗೊಂಡು ಬರ್ತೇವಿ. ಟೇಪ್ ಎಲ್ಲಿಂದ ತರೂಣು?"

ಯಾರೂ ಅವಳ ಕಡೆ ತಿರುಗಲಿಲ್ಲ. ಆಗ ಕಮರುದ್ದೀನ ನನ್ನ ಎದುರು ಬಂದು ನಿಂತ. "ಮಾಸ್ತರ, ನೀವು ಅವತ್ತು ಗ್ಯಾರೇಜಿಗೆ ಬಂದಿದ್ರಿ. ಬಾಜೂ ಮನಿಯವ್ರೂ ಹೌದು. ಇದನ್ನ ಯಾರ ಸುತ್ಯಾರ, ಹೇಳ್ರಿ."

ಅಂಗಳವೆಲ್ಲ ನನ್ನ ಕಡೆ ನೋಡಿತು. ಗುರುಸಿದ್ದಯ್ಯನವರು ಬಹಳ ಮೆತ್ತಗೆ ಹೇಳಿದರು, "ಮಾಸ್ತರ, ನಾಳೆ ನೀರಿನ ದಿನ ಐತಿ. ನಿಮ್ಮ ಟಾಕಿ ಜೋಡಣಿ ಮತ್ತ ಸಡಿಲ ಆಗೇತಿ ಅಂದ್ರಿ. ಮುಂಜಾನೆ ಲಗೂನ ಬಂದು ನೋಡತೇನಿ."

ಕಂಪೌಂಡಿನ ಮೇಲಿದ್ದವರಿಗೆ ಇದು ಇವರ ದೊಡ್ಡ ಗುಣವಾಗಿ ಕಂಡಿತು. ಇಂಥ ಕಷ್ಟದಲ್ಲೂ ನೆರೆಯವರ ಟಾಕಿ ಮರೆತಿಲ್ಲ ಎಂದು ಒಬ್ಬರು ಪಿಸುಗುಟ್ಟಿದರು.

"ನಾ ನೋಡಿಲ್ಲ," ಎಂದೆ ನಾನು.

ಇಷ್ಟೇ. ಎರಡು ಶಬ್ದ. ಕಮರುದ್ದೀನ ನನ್ನ ಮುಖ ನೋಡಿದ, ಆಮೇಲೆ ಗುರುಸಿದ್ದಯ್ಯನವರ ಮುಖ ನೋಡಿದ, ಆಮೇಲೆ ನಮ್ಮ ಮನೆಯ ಮೇಲಿನ ಟಾಕಿ ನೋಡಿದ. ಮಾಶಾಬಿಯ ಕೈಯಿಂದ ಅಂಗಿ ತೆಗೆದುಕೊಂಡು ಹಾಕಿಕೊಂಡು ಹೋದ. ಆರೂ ವ್ಯಾನುಗಳು ಮರುದಿನವೇ ಬೇರೆ ಗ್ಯಾರೇಜಿಗೆ ಹೋದವು.

ನೀವು ಇಲ್ಲಿಗೆ ಮುಗಿಯಿತು ಎಂದುಕೊಂಡರೆ ನಮ್ಮ ಕಮಿಟಿಗಳ ಪರಿಚಯ ನಿಮಗಿಲ್ಲ. ಟೇಪನ್ನು ಕಂಡ ಕೂಡಲೇ ಗುರುತು ಹಿಡಿದ ಬೀಗರ ಕಣ್ಣು ಬಸವಪ್ರಭು ಅವರಿಗೆ ಬಹಳ ಹಿಡಿಸಿತು. ಮುಂದಿನ ಸಭೆಯಲ್ಲಿ ಗುರುಸಿದ್ದಯ್ಯನವರನ್ನು ಸಾಲೆಯ ವಾಹನಗಳಿಗೆ ಗೌರವ ಸುರಕ್ಷತಾ ಸಲಹೆಗಾರರನ್ನಾಗಿ ಮಾಡಿದರು. ಅವರು ಬೇಡವೆಂದರು. ಖರೇ ಹೇಳಬೇಕು, ಎರಡು ಸಲ ಬೇಡವೆಂದರು. ಬೇಡ ಎಂದದ್ದು ದೊಡ್ಡತನ ಎಂದುಕೊಂಡು ಮೂರನೆಯ ಸಲ ಹಾರ ಹಾಕಿದರು. ಹಾರ ಬಿದ್ದ ಮೇಲೆ ಅವರಿಗೂ ತಾವು ತಿಳಿದವರು ಎನ್ನಿಸತೊಡಗಿತು. ಒಂದು ತಿಂಗಳಿಗೆಲ್ಲ ಆ ಟೇಪನ್ನು ಕಮರುದ್ದೀನನೇ ಸುತ್ತಿದ್ದನೆಂದು ನನಗೇ ಹೇಳತೊಡಗಿದರು.

ಮೂರನೇ ನಂಬರಿನ ವ್ಯಾನು ನಮ್ಮ ಓಣಿಗೆ ಬರುತ್ತದೆ. ನನ್ನ ಮೊಮ್ಮಗಳು ಅದರಲ್ಲೇ ಹೋಗುತ್ತಾಳೆ. ಒಂದು ಮುಂಜಾನೆ ಅವಳನ್ನು ಹತ್ತಿಸಿ ಟಾಟಾ ಮಾಡುತ್ತಿದ್ದೆ. ವ್ಯಾನು ಹೊರಟಿತು. ಹಿಂದಿನ ಗಾಲಿಯ ಹತ್ತಿರ ಬಿಳಿ ಟೇಪಿನ ತುದಿಯೊಂದು ಗಾಳಿಗೆ ಅಲ್ಲಾಡುತ್ತಿತ್ತು.

ಮೊಮ್ಮಗಳನ್ನು ಕೂಗುತ್ತ ನಾಲ್ಕು ಹೆಜ್ಜೆ ಅದರ ಹಿಂದೆ ಓಡಿದೆ. ಬೇರೆಯವರ ಮಕ್ಕಳೂ ಅದರಲ್ಲಿದ್ದರು ಎಂಬುದು ನನಗೆ ಆಮೇಲೆ ಹೊಳೆಯಿತು, ಅದನ್ನೂ ಹೇಳಿಬಿಡುತ್ತೇನೆ. ಆಟೋ ಹಿಡಿದು ಸಾಲೆಗೆ ಓಡಿದೆ. ಮಕ್ಕಳು ಇಳಿದಾಗಿತ್ತು. ಡ್ರೈವರ್ ಫಕೀರಪ್ಪನ ಕೈ ಹಿಡಿದುಕೊಂಡು, ಹೇಗಾದರೂ ಮಾಡಿ ವ್ಯಾನನ್ನು ಅಮರಗೋಳಕ್ಕೆ ಒಯ್ಯಪ್ಪ ಎಂದು ಬೇಡಿಕೊಂಡೆ. ಅವನಿಗೂ ಬ್ರೇಕಿನ ಮೇಲೆ ಅನುಮಾನವಿತ್ತು, ಅಧ್ಯಕ್ಷರಿಗೆ ಹೇಳಲು ಧೈರ್ಯವಿರಲಿಲ್ಲ. ತೆವಳುತ್ತ ಹೋದೆವು.

ಕಮರುದ್ದೀನನ ಗ್ಯಾರೇಜಿನ ಅರ್ಧ ಬಾಗಿಲು ಮುಚ್ಚಿತ್ತು. ಅವನು ಸೈಕಲ್ಲಿನ ಪಂಕ್ಚರ್ ತಿದ್ದುತ್ತ ಕೂತಿದ್ದ. ನನ್ನನ್ನು ನೋಡಿ ಏಳಲಿಲ್ಲ.

"ಟೇಪ್ ಸುತ್ಯಾರ," ಎಂದೆ. "ಈ ಸಲ ನಾ ನೋಡೇನಿ."

ಅವನು ಫಕೀರಪ್ಪನನ್ನು ಕೇಳಿದ, "ಎಷ್ಟು ಹುಡುಗ್ರು ಕುಂಡರತಾವು ಇದರಾಗ?"

"ಹದಿನಾಕು."

ಸೈಕಲ್ಲನ್ನು ಗೋಡೆಗೆ ಒರಗಿಸಿ ವ್ಯಾನಿನ ಕೆಳಗೆ ಹೋದ. ಟೇಪು ಬಿಚ್ಚಿ ಬಿಸಾಕಿದ. ಮಾಶಾಬಿ ಒಳಗಿಂದ ಎರಡು ಡಬ್ಬಿ ತಂದಿಟ್ಟಳು, ಒಂದರಲ್ಲಿ ಇಂಚಿನ ನಟ್ಟುಗಳು, ಒಂದರಲ್ಲಿ ಮಿಲಿಮೀಟರಿನವು. ಅವನು ಒಂದು ನಟ್ಟು ಹಚ್ಚಿ ನೋಡಿದ, ಬೇಡವೆಂದು ತೆಗೆದ. ಇನ್ನೊಂದು ಹಚ್ಚಿದ, ಬರೇ ಬೆರಳಿಗೇ ಅದು ಕೊನೆಯ ತನಕ ಒಳಗೆ ಹೋಯಿತು. ಹೊಸ ಪೈಪು ಕತ್ತರಿಸಿ, ಬಾಯಿಗೆ ಎರಡು ಮಡಿಕೆ ಮಾಡಿ, ಬೆಳಕಿಗೆ ಹಿಡಿದು ಸುತ್ತಲೂ ನೋಡಿ ಹಾಕಿದ. ಎರಡು ತಾಸು ಹಿಡಿಯಿತು. ಆ ಎರಡು ತಾಸೂ ಮಾಶಾಬಿ ಟ್ಯಾಂಕರಿನಿಂದ ಕೊಡ ಹೊತ್ತು ತಂದು ಪೀಪಾಯಿಗೆ ಸುರಿಯುತ್ತಿದ್ದಳು. ನನಗೆ ಕುಂಡ್ರರಿ ಎಂದೂ ಅನ್ನಲಿಲ್ಲ.

ಕೊನೆಗೆ ಕೈ ಒರೆಸಿಕೊಳ್ಳುತ್ತ ಕಮರುದ್ದೀನ ನನ್ನ ಕಡೆ ತಿರುಗಿದ. "ಅವತ್ತಿನ ಮರುದಿನ ನೀರು ಬಂತೇನ್ರಿ ಮಾಸ್ತರ?"

"ಬಂತು."

"ಟಾಕಿ ಸೋರಲಿಲ್ಲಲಾ?"

"ಇಲ್ಲ."

"ಛಲೋ ಆತು," ಎಂದ. ಸಿಟ್ಟಿನಿಂದ ಹೇಳಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಆಮೇಲೆ ಫಕೀರಪ್ಪನಿಗೆ ಹೇಳಿದ, "ಉಳದ ಐದೂ ಒಂದೊಂದ ತರ್ರಿ. ಯಾರ ಮುಂದೂ ನನ್ನ ಹೆಸರ ಹೇಳಬ್ಯಾಡ್ರಿ. ಹೇಳಿದ್ರ ಇಲ್ಲಿ ತರಾಕ ಬಿಡೂದಿಲ್ಲ ಅವ್ರು."

ಹತ್ತು ದಿನದಲ್ಲಿ ಆರೂ ವ್ಯಾನುಗಳು ಕದ್ದು ಬಂದು ಹೋದವು. ಡ್ರೈವರುಗಳೆಲ್ಲ ಬ್ರೇಕು ಬೆಣ್ಣೆಯ ಹಾಗಿದೆ ಎನ್ನತೊಡಗಿದರು. ಸಾಲೆಯ ವಾರ್ಷಿಕೋತ್ಸವದಲ್ಲಿ ಬಸವಪ್ರಭು, ಪ್ಲಾಸ್ಟರು ಬಿಚ್ಚಿದ ಕೈಯಿಂದಲೇ, ಗುರುಸಿದ್ದಯ್ಯನವರಿಗೆ ಶಾಲು ಹೊದಿಸಿದರು. ಅವರು ಬಂದ ಮೇಲೆ ಒಂದು ವ್ಯಾನೂ ಒಂದು ಹನಿ ಸೋರಿಲ್ಲ ಎಂದು ಮೈಕಿನಲ್ಲಿ ಹೇಳಿದರು. ನೆರೆಯವರಾದ ಮಾಸ್ತರು ಎರಡು ಮಾತು ಆಡಬೇಕು ಎಂದು ನನ್ನನ್ನೂ ಕರೆದರು.

ವೇದಿಕೆ ಹತ್ತಿದೆ. ಮುಂದಿನ ಸಾಲಿನಲ್ಲಿ ನನ್ನ ಮೊಮ್ಮಗಳು ಕೂತಿದ್ದಳು. ಎಲ್ಲರ ಹಿಂದೆ, ಬಾಗಿಲ ಹತ್ತಿರ, ಫಕೀರಪ್ಪ ನಿಂತು ನನ್ನನ್ನೇ ನೋಡುತ್ತಿದ್ದ. ನಾನು ಮೈಕು ಹಿಡಿದು, ಗುರುಸಿದ್ದಯ್ಯನವರಂಥವರು ನಮ್ಮ ಓಣಿಯಲ್ಲಿರುವುದು ನಮ್ಮ ಪುಣ್ಯ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಕೆಳಗಿಳಿದು ಬಂದು ನಾನೂ ತಟ್ಟಿದೆ. ಮರುದಿನ ನಮ್ಮ ಓಣಿಗೆ ನೀರಿನ ಪಾಳಿ ಇತ್ತು.